ಐದು ಅಡಿ ಅಗಲದ ಸ್ನಾನಗೃಹಕ್ಕೆ ಅಂದ ತರುವ ಬಗೆ

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ 30×40 ನಿವೇಶನದಲ್ಲಿ ಕಟ್ಟುವ ಮನೆಗಳನ್ನು ನೋಡಿದರೆ, ಮಲಗುವ ಕೋಣೆಗೆ ಹೊಂದಿಕೊಂಡ ಸ್ನಾನಗೃಹಕ್ಕೆ ಹೆಚ್ಚೆಂದರೆ 5 ಅಡಿ ಅಗಲ, 8 ಅಡಿ ಉದ್ದದ ಜಾಗ ಉಳಿದಿರುತ್ತದೆ. ಅದನ್ನು ಅಂದಗೊಳಿಸಲು ಹೊರಟವರು ಮೊದಲು ಮೊಬೈಲಿನಲ್ಲಿ ಚಿತ್ರಗಳನ್ನು ಹುಡುಕುತ್ತಾರೆ, ಆಮೇಲೆ ಟೈಲ್ಸ್ ಅಂಗಡಿಗೆ ಹೋಗುತ್ತಾರೆ. ಆದರೆ ಆ ಚಿತ್ರಗಳಲ್ಲಿ ಹೆಚ್ಚಿನವು ನೆಲಕ್ಕೆ ನೀರು ಬೀಳದ ದೇಶಗಳ ಸ್ನಾನಗೃಹಗಳವು. ನಮ್ಮಲ್ಲಿ ಬಕೆಟ್ಟು ತುಂಬುತ್ತದೆ, ಚೊಂಬಿನಿಂದ ನೀರು ಸುರಿಯುತ್ತದೆ, ಕಮೋಡಿನ ಪಕ್ಕದ ಜೆಟ್ ಸ್ಪ್ರೇಯಿಂದ ತೊಟ್ಟಿಕ್ಕುತ್ತದೆ, ಕೊನೆಗೆ ಇಡೀ ನೆಲವನ್ನು ನೀರು ಹಾಕಿ ತೊಳೆಯುವ ರೂಢಿಯೂ ಇದೆ. ಹೀಗಾಗಿ ಇಲ್ಲಿ ಅಂದದ ಮೊದಲ ಲಕ್ಷಣ ದುಬಾರಿ ನಲ್ಲಿಯಲ್ಲ. ಸ್ನಾನ ಮುಗಿದ ಅರ್ಧ ಗಂಟೆಯೊಳಗೆ ಒಣಗುವ ನೆಲ. ವಿನ್ಯಾಸದ ಪ್ರತಿಯೊಂದು ತೀರ್ಮಾನವನ್ನೂ ಈ ಒಂದು ಗುರಿಗೆ ಹೊಂದಿಸಿ ನೋಡುವುದು ಒಳ್ಳೆಯದು.

ಜಾಗ ಹಂಚುವಾಗ ಒಣ ಭಾಗ ಬಾಗಿಲ ಬಳಿಯೂ ಒದ್ದೆ ಭಾಗ ಕಿಟಕಿಯ ಬಳಿಯೂ ಬರುವಂತೆ ನೋಡಿಕೊಳ್ಳಬೇಕು. 5 ಅಡಿಯ ಗೋಡೆಯಲ್ಲಿ ಬಾಗಿಲಿದ್ದರೆ, 8 ಅಡಿಯ ಗೋಡೆಯುದ್ದಕ್ಕೂ ಮೊದಲು ವಾಶ್ ಬೇಸಿನ್‌ಗೆ ಎರಡೂವರೆ ಅಡಿ, ನಡುವೆ ಕಮೋಡಿಗೆ ಎರಡೂವರೆ ಅಡಿ, ಕೊನೆಯಲ್ಲಿ ಸ್ನಾನಕ್ಕೆ 3 ಅಡಿ ಎಂದು ಹಂಚಿದರೆ ಲೆಕ್ಕ ಸರಿಹೋಗುತ್ತದೆ. ಕಮೋಡಿನ ನಡುಗೆರೆಯಿಂದ ಎರಡೂ ಬದಿಗೆ ಕನಿಷ್ಠ 15 ಇಂಚು ಬಿಡದಿದ್ದರೆ ಕುಳಿತವರ ಮೊಣಕೈ ಗೋಡೆಗೆ ತಾಗುತ್ತದೆ. ಮೂರನ್ನೂ ಒಂದೇ ಗೋಡೆಗೆ ತಂದರೆ ಪೈಪುಗಳೆಲ್ಲ ಒಂದೇ ಕಡೆ ಸೇರುತ್ತವೆ. ಎದುರಿನ ಗೋಡೆ ಪೂರ್ತಿ ಖಾಲಿ ಉಳಿಯುತ್ತದೆ. ಚಿಕ್ಕ ಕೋಣೆ ದೊಡ್ಡದಾಗಿ ಕಾಣುವುದು ಆ ಖಾಲಿ ಗೋಡೆಯಿಂದಲೇ. ಬಾಗಿಲು ತೆರೆದ ಕೂಡಲೇ ಕಣ್ಣಿಗೆ ಬೀಳುವುದು ಕಮೋಡ್ ಆಗಬಾರದು, ಬೇಸಿನ್ ಮತ್ತು ಕನ್ನಡಿ ಆಗಬೇಕು. ವಾಸ್ತು ನೋಡುವ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಈ ಹಂತದಲ್ಲೇ ಕೇಳಿಬಿಡಬೇಕು; ಪೈಪು ಕೂರಿಸಿದ ಮೇಲೆ ಬರುವ ಸಲಹೆಗೆ ತೆರಬೇಕಾದ ಬೆಲೆ ಹೆಚ್ಚು.

ಸ್ನಾನದ ಭಾಗವನ್ನು ಬೇರ್ಪಡಿಸಲು 8 ಅಥವಾ 10 ಮಿ.ಮೀ. ದಪ್ಪದ ಟಫನ್ಡ್ ಗಾಜು ಹಾಕುವವರೇ ಹೆಚ್ಚು. ಗಾಜು ಖಂಡಿತ ಚೆಂದ, ಆದರೆ ಕೊಳವೆಬಾವಿಯ ಗಡಸು ನೀರು ಬರುವ ಮನೆಗಳಲ್ಲಿ ಅದನ್ನು ಪ್ರತಿ ಸ್ನಾನದ ನಂತರ ವೈಪರ್‌ನಿಂದ ಒರೆಸದಿದ್ದರೆ ಕೆಲವೇ ವಾರಗಳಲ್ಲಿ ಬಿಳಿ ಕಲೆಗಳು ಕೂರುತ್ತವೆ. ದಿನವೂ ಒರೆಸುವವರು ಯಾರೆಂಬ ಪ್ರಶ್ನೆಗೆ ಮನೆಯಲ್ಲಿ ಉತ್ತರ ಸಿಗದಿದ್ದರೆ ಬಾಗಿಲಿಲ್ಲದ ಒಂದೇ ಗಾಜಿನ ಹಲಗೆಯಲ್ಲಿ ತೃಪ್ತಿಪಡುವುದು, ಇಲ್ಲವೇ ಗಾಜಿನ ಆಸೆಯನ್ನೇ ಬಿಟ್ಟು ಸ್ನಾನದ ನೆಲವನ್ನು ಅರ್ಧದಿಂದ ಒಂದು ಇಂಚು ತಗ್ಗಿಸುವುದು ಜಾಣತನ.

ಈಗ ಕಣ್ಣಿಗೆ ಕಾಣದ, ಆದರೆ ಇಡೀ ಕೆಲಸದ ಹಣೆಬರಹ ಬರೆಯುವ ಭಾಗಕ್ಕೆ ಬರೋಣ. ಸ್ನಾನಗೃಹದ ಸ್ಲ್ಯಾಬನ್ನು ಪೈಪುಗಳಿಗಾಗಿ ತಗ್ಗಿಸಿ ಹಾಕಿದ್ದರೆ, ಆ ತಗ್ಗಿನ ತಳಕ್ಕೂ ಸುತ್ತಲಿನ ಗೋಡೆಯ ಬುಡಕ್ಕೂ ಮೂಲೆಗಳನ್ನು ಉರುಟಾಗಿಸಿ ವಾಟರ್‌ಪ್ರೂಫಿಂಗ್ ಬಳಿಯಬೇಕು. ತಗ್ಗನ್ನು ತುಂಬಿ ಸಮ ಮಾಡಿದ ಮೇಲೆ, ಟೈಲ್ಸ್ ಕೂರಿಸುವ ಮುನ್ನ, ಇನ್ನೊಮ್ಮೆ ಬಳಿಯಬೇಕು. ಸ್ನಾನದ ಗೋಡೆಗಳಿಗಂತೂ ನೆಲದಿಂದ 6 ಅಡಿಯವರೆಗೆ ಬಳಿಸುವುದು ಕ್ಷೇಮ. ಬಳಿದದ್ದು ಒಣಗಿದ ನಂತರ ಹೊರಹರಿವನ್ನು ಮುಚ್ಚಿ, ಎರಡು ಮೂರು ಇಂಚು ನೀರು ನಿಲ್ಲಿಸಿ, 48 ಗಂಟೆಗಳ ಕಾಲ ಕೆಳಗಿನ ಕೋಣೆಯ ಸೂರನ್ನು ಗಮನಿಸಬೇಕು. ಕೆಲಸ ತಡವಾಗುತ್ತದೆ ಎಂಬ ಮೇಸ್ತ್ರಿಯ ಗೊಣಗಾಟಕ್ಕೆ ಕಿವಿಗೊಡಬಾರದು. ಇದೇ ಹಂತದಲ್ಲಿ ನೀರಿನ ಪೈಪುಗಳನ್ನೂ ಒತ್ತಡ ಕೊಟ್ಟು ಪರೀಕ್ಷಿಸಬೇಕು, ಮತ್ತು ಗೋಡೆ ಮುಚ್ಚುವ ಮೊದಲು ಟೇಪು ಹಿಡಿದು, ಅಳತೆ ಕಾಣುವಂತೆ, ಪ್ರತಿ ಗೋಡೆಯ ಫೋಟೋ ತೆಗೆದಿಟ್ಟುಕೊಳ್ಳಬೇಕು. ಬಿಸಿನೀರಿಗೆ ಶಾಖ ತಾಳುವ ಪ್ಲಾಸ್ಟಿಕ್ಕಾದ ಸಿಪಿವಿಸಿ ಪೈಪೇ ಆಗಬೇಕು. ಯುಪಿವಿಸಿ ತಣ್ಣೀರಿಗೆ ಮಾತ್ರ.

ನೀರಿನ ಒತ್ತಡದ ಲೆಕ್ಕವನ್ನು ಷವರ್ ಕೊಳ್ಳುವ ಮೊದಲೇ ಮಾಡಿಕೊಳ್ಳಬೇಕು. ಟ್ಯಾಂಕಿನ ನೀರಿನ ಮಟ್ಟ ಷವರಿಗಿಂತ 10 ಮೀಟರ್ ಮೇಲಿದ್ದರೆ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. ಎರಡಂತಸ್ತಿನ ಮನೆಯ ಮೇಲ್ಮಹಡಿಯ ಸ್ನಾನಗೃಹದಲ್ಲಿ ಆ ಎತ್ತರ 3 ಮೀಟರ್ ದಾಟುವುದೇ ಅಪರೂಪ, ಅಂದರೆ 0.3 ಬಾರ್ ಆಸುಪಾಸು. ಅಗಲವಾದ ರೇನ್ ಷವರನ್ನು ಅಷ್ಟು ಒತ್ತಡದಲ್ಲಿ ತಿರುಗಿಸಿದರೆ ಮಳೆ ಸುರಿಯುವುದಿಲ್ಲ, ನಡುವಿನ ನಾಲ್ಕೈದು ತೂತುಗಳಿಂದ ನೀರು ಸೋರುತ್ತದೆ ಅಷ್ಟೆ. ಪ್ರೆಷರ್ ಪಂಪು ಹಾಕಿಸುವ ಮನಸ್ಸಿಲ್ಲದಿದ್ದರೆ ಕಡಿಮೆ ಒತ್ತಡಕ್ಕೆಂದೇ ಮಾಡಿದ 4 ಇಂಚಿನ ಸಾಧಾರಣ ಷವರ್ ಸಾಕು.

ನೆಲದ ವಾಟ ಸ್ನಾನದ ಭಾಗದಲ್ಲಿ ಮೀಟರಿಗೆ 10ರಿಂದ 15 ಮಿ.ಮೀ. ಇರಬೇಕು, ಒಣ ಭಾಗದಲ್ಲಿ ಅದಕ್ಕಿಂತ ಕಡಿಮೆಯಾದರೂ ನಡೆಯುತ್ತದೆ. ಟೈಲ್ಸ್ ಗಾತ್ರಕ್ಕೂ ವಾಟಕ್ಕೂ ನೇರ ಸಂಬಂಧವಿದೆ ಎಂಬುದನ್ನು ಅಂಗಡಿಯವರು ಹೇಳುವುದಿಲ್ಲ. ಮೂಲೆಯಲ್ಲೋ ನಡುವೆಯೋ ಒಂದು ಚೌಕ ಜಾಲರಿ ಇಟ್ಟರೆ ನೆಲ ನಾಲ್ಕೂ ಕಡೆಯಿಂದ ಅದರತ್ತ ಇಳಿಯಬೇಕಾಗುತ್ತದೆ, 2 ಅಡಿಯ ದೊಡ್ಡ ಟೈಲು ಹಾಗೆ ಬಾಗದು, ಕೊನೆಗೆ ಅದನ್ನು ಕರ್ಣದಲ್ಲಿ ಕತ್ತರಿಸಿ ತೇಪೆ ಹಾಕಬೇಕಾಗುತ್ತದೆ. ಅದರ ಬದಲು ಗೋಡೆಯ ಬುಡದಲ್ಲಿ ಉದ್ದನೆಯ ಜಾಲರಿ ಕೂರಿಸಿದರೆ ಇಡೀ ನೆಲಕ್ಕೆ ಒಂದೇ ದಿಕ್ಕಿನ ವಾಟ ಕೊಡಬಹುದು, ದೊಡ್ಡ ಟೈಲುಗಳನ್ನು ಕತ್ತರಿಸದೆ ಹಾಸಬಹುದು. ಜಾಲರಿ ಯಾವುದೇ ಇರಲಿ, ಅದರ ಕೆಳಗಿನ ನಹಾನಿ ಟ್ರ್ಯಾಪಿನಲ್ಲಿ (ನೀರು ಹಿಡಿದಿಟ್ಟುಕೊಳ್ಳುವ ಬಟ್ಟಲಿನಂಥ ಭಾಗ) ಸುಮಾರು 2 ಇಂಚು ನೀರು ಸದಾ ನಿಂತಿರಬೇಕು. ದುರ್ವಾಸನೆಯನ್ನೂ ಜಿರಲೆಯನ್ನೂ ತಡೆಯುವುದು ಆ ನೀರೇ. ಅಪರೂಪಕ್ಕೆ ಬಳಸುವ ಅತಿಥಿಗಳ ಸ್ನಾನಗೃಹದಲ್ಲಿ ಅದು ಆರಿಹೋಗಿ ವಾಸನೆ ಬರತೊಡಗುತ್ತದೆ, ಒಂದು ಚೊಂಬು ನೀರು ಸುರಿದರೆ ಸರಿಹೋಗುತ್ತದೆ.

ಟೈಲ್ಸ್ ಆರಿಸುವಾಗ ಎರಡು, ಹೆಚ್ಚೆಂದರೆ ಮೂರು ಬಗೆಗೆ ನಿಲ್ಲಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಳಗೆ ಗಾಢ ಬಣ್ಣ, ನಡುವೆ ಹೂವಿನ ಪಟ್ಟಿ, ಮೇಲೆ ತಿಳಿ ಬಣ್ಣ ಎಂಬ ಪ್ಯಾಕೇಜನ್ನು ಅಂಗಡಿಯವರು ಎಷ್ಟೇ ಹೊಗಳಿದರೂ ಅದು ಕೋಣೆಯನ್ನು ಮೂರು ತುಂಡು ಮಾಡುತ್ತದೆ. ನೆಲಕ್ಕೆ ಮ್ಯಾಟ್ ವಿಟ್ರಿಫೈಡ್ ಟೈಲು, ಪೆಟ್ಟಿಗೆಯ ಮೇಲೆ ಆರ್10 (ಜಾರದಿರುವ ಗುಣದ ದರ್ಜೆ; ಅಂಕಿ ಹೆಚ್ಚಿದಷ್ಟೂ ಜಾರುವುದು ಕಡಿಮೆ) ಎಂದಿರುವುದು, ಸ್ನಾನದ ಜಾಗಕ್ಕೆ ಆರ್11 ಇದ್ದರೆ ಇನ್ನೂ ಒಳ್ಳೆಯದು. ಅದಕ್ಕಿಂತ ಒರಟಾದದ್ದು ಕೊಳೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಡಪ ಅಥವಾ ಶಹಾಬಾದ್ ಕಲ್ಲಿನ ನೆಲ ಚೆಲುವಾದದ್ದೇ, ಆದರೆ ಎರಡೂ ಸುಣ್ಣದ ಕಲ್ಲುಗಳಾದ್ದರಿಂದ ಉಪ್ಪಿನ ಕಲೆ ತೆಗೆಯಲೆಂದು ಆ್ಯಸಿಡ್ ಸುರಿಯುವ ಮನೆಗಳಲ್ಲಿ ಅವು ಕೊರೆದುಹೋಗುತ್ತವೆ. ಕಲ್ಲೇ ಬೇಕೆನ್ನುವವರು ಗ್ರಾನೈಟನ್ನು ಪಾಲಿಶ್ ಮಾಡಿಸದೆ ಹಾಕಿಸಲಿ. ಬೇಸಿನ್ ಕೂರಿಸುವ ಕಟ್ಟೆಗೂ ಹೊಸ್ತಿಲಿಗೂ ಅದೇ ಗ್ರಾನೈಟ್ ಬಂದರೆ ಕೋಣೆಗೆ ಒಂದು ಒಕ್ಕಟ್ಟು ಬರುತ್ತದೆ.

ಅಚ್ಚುಕಟ್ಟು ಎಂಬುದು ನಿಜವಾಗಿ ಗೆರೆಗಳ ವಿಷಯ. ನೆಲಕ್ಕೆ 2×2 ಅಡಿ, ಗೋಡೆಗೆ 2×1 ಅಡಿಯ ಟೈಲು ಆರಿಸಿದರೆ ನೆಲದ ಸಂದು ಗೋಡೆಯ ಸಂದಿಗೆ ನೇರವಾಗಿ ಏರುವಂತೆ ಹಾಸಲು ಸಾಧ್ಯ. ಬಾಗಿಲಿನಿಂದ ನೋಡಿದಾಗ ಎದುರಿಗೆ ಕಾಣುವ ಗೋಡೆಯಲ್ಲಿ ಪೂರ್ತಿ ಟೈಲಿನಿಂದ ಶುರುಮಾಡಿ, ಕತ್ತರಿಸಿದ ಚೂರುಗಳನ್ನು ಬಾಗಿಲ ಹಿಂದಿನ ಮೂಲೆಗೆ ತಳ್ಳಬೇಕು. ಗೋಡೆಯ ಟೈಲುಗಳನ್ನು ಒಂದೋ ಸೂರಿನವರೆಗೆ ಒಯ್ಯಬೇಕು, ಇಲ್ಲವೇ ಬಾಗಿಲ ಚೌಕಟ್ಟಿನ ಮೇಲಂಚಿಗೆ ಸರಿಯಾಗಿ ನಿಲ್ಲಿಸಬೇಕು. ಚೌಕಟ್ಟಿಗಿಂತ ನಾಲ್ಕು ಇಂಚು ಕೆಳಗೆ ನಿಂತ ಟೈಲು ಕಣ್ಣನ್ನು ಕೊನೆಯವರೆಗೂ ಕುಕ್ಕುತ್ತದೆ. ನಲ್ಲಿ, ಡೈವರ್ಟರ್ (ನೀರನ್ನು ಷವರಿಗೋ ನಲ್ಲಿಗೋ ತಿರುಗಿಸುವ ಹಿಡಿ), ಸ್ವಿಚ್ ಇವೆಲ್ಲ ಟೈಲಿನ ನಡುವೆಯೋ ಸಂದಿನ ಮೇಲೆಯೋ ಬರಬೇಕೆಂದರೆ ಗೋಡೆಯ ಟೈಲ್ಸ್ ನಕ್ಷೆ ಪ್ಲಂಬರ್ ಬರುವ ಮೊದಲೇ ಸಿದ್ಧವಿರಬೇಕು. ಟೈಲ್ಸ್ ನಡುವೆ 2 ಮಿ.ಮೀ. ಸ್ಪೇಸರ್ ಇಟ್ಟು, ಸಿಮೆಂಟ್ ಹಾಲಿನ ಬದಲು ಟೈಲ್ ಅಡ್ಹೆಸಿವ್ ಬಳಸಿ ಅಂಟಿಸಬೇಕು. ಸಂದಿಗೆ ತುಂಬುವ ರಾಳದ ಲೇಪವಾದ ಎಪಾಕ್ಸಿ ಗ್ರೌಟ್ ದುಬಾರಿಯಾದರೂ ಒದ್ದೆ ಭಾಗದಲ್ಲಿ ಅದನ್ನೇ ಹಾಕಿಸಬೇಕು, ಏಕೆಂದರೆ ಹಬ್ಬದ ಎಣ್ಣೆಸ್ನಾನದ ಎಣ್ಣೆ, ಸೀಗೆಪುಡಿ, ಅರಿಶಿನ ಬಿಳಿ ಸಿಮೆಂಟಿನ ಸಂದಿಗೆ ಇಳಿದರೆ ಮತ್ತೆ ಬಿಡುವುದಿಲ್ಲ. ಬಣ್ಣವೂ ಅಚ್ಚ ಬಿಳಿ ಬೇಡ, ಟೈಲಿಗಿಂತ ಒಂದು ಛಾಯೆ ಗಾಢವಿರಲಿ.

ಗೋಡೆಗೆ ತೂಗುಹಾಕುವ ಕಮೋಡ್ ನೆಲ ತೊಳೆಯುವವರ ಪಾಲಿಗೆ ವರ. ಆದರೆ ಅದು ನಿಲ್ಲುವುದು ಲೋಹದ ಚೌಕಟ್ಟಿನ ಮೇಲೆ, ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆಯ ಮೇಲಲ್ಲ. ಚೌಕಟ್ಟನ್ನೂ ಫ್ಲಶ್ ಟ್ಯಾಂಕನ್ನೂ ಮುಚ್ಚಲು ಸುಮಾರು 4 ಅಡಿ ಎತ್ತರದ ಅರ್ಧಗೋಡೆ ಕಟ್ಟಿ ಅದರ ತಲೆಗೆ ಗ್ರಾನೈಟ್ ಹಾಸಿದರೆ, ಸಾಮಾನು ಇಡಲು ಒಂದು ಕಟ್ಟೆಯೂ ಸಿಗುತ್ತದೆ. ಸೋಪು, ಶಾಂಪೂಗಳಿಗೆ ಗೋಡೆಯಲ್ಲಿ ಗೂಡು ಮಾಡಿಸುವುದಾದರೆ ಮಣೆಯ ಮೇಲೆ ಕುಳಿತು ಸ್ನಾನ ಮಾಡುವವರನ್ನೂ ನೆನೆದು ಎರಡು ಅಡಿ ಎತ್ತರದಲ್ಲಿ ಒಂದು, ನಿಂತವರಿಗೆ ನಾಲ್ಕು ಅಡಿಯಲ್ಲಿ ಇನ್ನೊಂದು ಮಾಡಿಸಬೇಕು. ಅವುಗಳ ತಳ ಹೊರಕ್ಕೆ ಕೊಂಚ ಇಳಿದಿರಬೇಕು, ಇಲ್ಲದಿದ್ದರೆ ಸೋಪು ಸದಾ ನೀರಿನಲ್ಲಿ ಕರಗುತ್ತಾ ಇರುತ್ತದೆ. ಬಕೆಟ್ಟಿನ ನಲ್ಲಿಯನ್ನು ಷವರಿನ ನೇರ ಕೆಳಗೆ ಇಡಬಾರದು. ಬಗ್ಗಿದವರ ತಲೆಗೆ ತಾಗದಂತೆ ಒಂದಿಷ್ಟು ಪಕ್ಕಕ್ಕೆ ಸರಿಸಬೇಕು. ಕಪ್ಪು ಮ್ಯಾಟ್ ನಲ್ಲಿಗಳು ಈಗಿನ ಗೀಳು, ಆದರೆ ಗಡಸು ನೀರಿನ ಪ್ರತಿಯೊಂದು ಹನಿಯೂ ಅವುಗಳ ಮೇಲೆ ಬಿಳಿ ಚುಕ್ಕಿಯಾಗಿ ಉಳಿಯುತ್ತದೆ. ಕ್ರೋಮ್ ಹಳೆಯದೆನಿಸಿದರೂ ಒಮ್ಮೆ ಒರೆಸಿದರೆ ಹೊಳೆಯುತ್ತದೆ.

ಬೆಳಕಿನ ವಿಷಯದಲ್ಲಿ ಸೂರಿನ ನಡುವಿನ ಒಂದೇ ದೀಪವನ್ನು ನಂಬಬಾರದು, ಅದು ಕನ್ನಡಿಯ ಮುಂದೆ ನಿಂತವರ ಮುಖಕ್ಕೆ ನೆರಳು ಬೀಳಿಸುತ್ತದೆ. ಕನ್ನಡಿಯ ಎರಡೂ ಬದಿಗೆ 4000 ಕೆಲ್ವಿನ್‌ನ (ಹಳದಿಗೂ ನೀಲಿಗೂ ನಡುವಿನ ಬಿಳಿ ಬೆಳಕಿನ) ದೀಪಗಳನ್ನು ಇಟ್ಟು, ಸೂರಿನ ದೀಪಕ್ಕೆ ಬೇರೆ ಸ್ವಿಚ್ ಕೊಡಬೇಕು. ನೀರು ಚಿಮ್ಮುವ ಕಡೆಯ ದೀಪ ನೀರಿನ ಸಿಡಿತ ತಡೆಯುವ ಕನಿಷ್ಠ ಐಪಿ44 ದರ್ಜೆಯದಾಗಿರಲಿ. ಗೀಸರಿಗೆ ಸರಿಯಾದ ಅರ್ಥಿಂಗ್ ಮತ್ತು 30 ಮಿಲಿಆಂಪ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್) ಇರಲೇಬೇಕು, ಇದರಲ್ಲಿ ಉಳಿತಾಯದ ಮಾತೇ ಇಲ್ಲ. ಎಕ್ಸಾಸ್ಟ್ ಫ್ಯಾನನ್ನು ಒದ್ದೆ ಭಾಗದ ಮೇಲೆ ಇಟ್ಟು, ಬಾಗಿಲ ಕೆಳಗೆ ಅರ್ಧ ಇಂಚು ಸಂದು ಬಿಟ್ಟರೆ ಗಾಳಿ ಒಣ ಭಾಗದಿಂದ ಒದ್ದೆ ಭಾಗಕ್ಕೆ ಹರಿದು ಹೊರಹೋಗುತ್ತದೆ.

ಕೊನೆಯ ಕಂತಿನ ಹಣ ಕೊಡುವ ಮೊದಲು ಎರಡು ಬಕೆಟ್ ನೀರನ್ನು ನೆಲಕ್ಕೆ ಸುರಿದು ಎಲ್ಲಿ ನಿಲ್ಲುತ್ತದೆ ಎಂದು ನೋಡಬೇಕು, ನಾಣ್ಯದಿಂದ ಟೈಲುಗಳನ್ನು ತಟ್ಟಿ ಪೊಳ್ಳು ಸದ್ದು ಬಂದವನ್ನು ಗುರುತು ಮಾಡಿ ಬದಲಿಸಲು ಹೇಳಬೇಕು. ಟವೆಲ್ ರಾಡು, ಕನ್ನಡಿ, ವಯಸ್ಸಾದವರಿಗೆ ಬೇಕಾದ ಹಿಡಿಕೆ ಇವುಗಳನ್ನು ಅದಾದ ಮೇಲೆ ಕೂರಿಸಬಹುದು. ಆದರೆ ಡ್ರಿಲ್ ಹಿಡಿದವರಿಗೆ ಆ ಗೋಡೆಯ ಪೈಪುಗಳ ಫೋಟೋ ತೋರಿಸದೆ ಒಂದೂ ತೂತು ಕೊರೆಯಲು ಬಿಡಬಾರದು.