ಅಮೆರಿಕದ ರೈಲಿನಲ್ಲಿ ಎರಡು ರಾತ್ರಿ ಮಲಗಿ ಹೋಗುವುದು ಹೇಗೆ?

ಮಗನ ಮನೆ, ಮಗಳ ಮನೆ ಅಂತ ಅಮೆರಿಕಕ್ಕೆ ಹೋದವರು ಊರಿಂದೂರಿಗೆ ವಿಮಾನವನ್ನೇ ಹಿಡಿಯುತ್ತಾರೆ. ಎರಡು ದಿನ ಬಿಡುವಿದ್ದರೆ ಒಮ್ಮೆ ರೈಲು ಹತ್ತಿ ನೋಡಿ. ಅಲ್ಲಿಯ ರಾಷ್ಟ್ರೀಯ ಪ್ರಯಾಣಿಕ ರೈಲು ಕಂಪನಿ ಆಮ್‌ಟ್ರ್ಯಾಕ್ ಓಡಿಸುವ ಕ್ಯಾಲಿಫೋರ್ನಿಯಾ ಝೆಫಿರ್ ರೈಲು ಮಧ್ಯಾಹ್ನ ಶಿಕಾಗೊ ಬಿಟ್ಟು, ಸುಮಾರು 3,900 ಕಿ.ಮೀ. ಓಡಿ, ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಎಮರಿವಿಲ್ ಮುಟ್ಟುತ್ತದೆ. ಎರಡು ರಾತ್ರಿಯ ಪ್ರಯಾಣ. ನಾನು ಅಮ್ಮನ ಜೊತೆ ಹೋಗಿದ್ದೆ. ಆರಾಮವಾಗಿ ನಿದ್ದೆ ಬಂತು ಅಂದರೆ ಅದಕ್ಕೆ ಕಾರಣ ಹತ್ತುವ ಮೊದಲೇ ಮಾಡಿಕೊಂಡ ತಯಾರಿ.

ಮೊದಲು ರೂಮ್

ನಮ್ಮ ಸ್ಲೀಪರ್ ಕೋಚ್ ಥರ ಅಲ್ಲ ಇದು. ಬರ್ತ್ ಅಲ್ಲ, ಬಾಗಿಲಿರುವ ರೂಮ್ ಕೊಡುತ್ತಾರೆ. ಚಿಕ್ಕದಕ್ಕೆ ರೂಮೆಟ್ ಎನ್ನುತ್ತಾರೆ. ಮೂರೂವರೆ ಅಡಿ ಅಗಲ, ಆರೂವರೆ ಅಡಿ ಉದ್ದ, ಇಬ್ಬರಿಗೆ ಜಾಗ. ಒಬ್ಬರೇ ಹೋದರೂ ಅಪರಿಚಿತರನ್ನು ಒಳಗೆ ಕೂರಿಸುವುದಿಲ್ಲ. ದೊಡ್ಡದು ಬೆಡ್‌ರೂಮ್, ಅದರೊಳಗೇ ಟಾಯ್ಲೆಟ್ ಮತ್ತು ಶವರ್ ಇರುತ್ತದೆ. ಈ ರೈಲಿನ ರೂಮೆಟ್‌ನವರು ಬೋಗಿಯ ಟಾಯ್ಲೆಟ್, ಶವರ್ ಬಳಸಬೇಕು.

ಪ್ರಯಾಣದ ಟಿಕೆಟ್ ತಲೆಗೊಂದು, ರೂಮಿನ ಹಣ ಮಾತ್ರ ರೂಮಿಗೆ ಒಂದೇ. ಹಾಗಾಗಿ ಇಬ್ಬರು ಹೋದರೆ ಲಾಭ. ರೂಮ್‌ಗಳು ಖಾಲಿಯಾದಂತೆ ದರ ಏರುತ್ತದೆ, ಬೇಗ ಬುಕ್ ಮಾಡಿ.

ಇಲ್ಲೊಂದು ವಿಷಯ ಗಮನವಿಟ್ಟು ನೋಡಿ. ಬೋಗಿಗೆ ಎರಡು ಮಹಡಿ. ರೂಮೆಟ್ 1ರಿಂದ 10 ಮೇಲೆ, 11ರಿಂದ 14 ಕೆಳಗೆ. ಮೇಲಿನಿಂದ ನೋಟ ಚೆನ್ನಾಗಿ ಕಾಣುತ್ತದೆ. ಕೆಳಗೆ ಓಲಾಟ ಕಡಿಮೆ, ಶವರ್ ಹತ್ತಿರ. ಮೆಟ್ಟಿಲು ತುಂಬಾ ಕಿರಿದು, ನಡುವೆ ತಿರುವೂ ಇದೆ. ಮಂಡಿನೋವಿನ ಅಮ್ಮನಿಗೆ ಅದನ್ನು ಹತ್ತಿ ಇಳಿಯುವುದು ಕಷ್ಟ ಅಂತ ನಾನು ಕೆಳಗಿನ ರೂಮೇ ಕೇಳಿದ್ದೆ. ಆದರೆ ಬೋಗಿಯಿಂದ ಬೋಗಿಗೆ ದಾಟುವ ದಾರಿ ಮೇಲಿನ ಮಹಡಿಯಲ್ಲಿ ಮಾತ್ರ ಇದೆ. ಊಟದ ಬೋಗಿಗೆ ಹೋಗಲಾಗದವರು ಅಟೆಂಡೆಂಟ್‌ಗೆ ಹೇಳಿದರೆ ರೂಮಿಗೇ ತಂದುಕೊಡುತ್ತಾರೆ. ಅಮ್ಮನಿಗೆ ಹಾಗೇ ಮಾಡಿಸಿದೆ.

ಸಾಮಾನು

ದೊಡ್ಡ ಸೂಟ್‌ಕೇಸ್ ರೂಮೆಟ್ ಒಳಗೆ ಹಿಡಿಸುವುದಿಲ್ಲ. ತಲಾ ಎರಡು ಬ್ಯಾಗ್‌ಗಳನ್ನು, ಒಂದೊಂದು 23 ಕೆ.ಜಿ. ಒಳಗಿದ್ದರೆ, ಹಣವಿಲ್ಲದೆ ಚೆಕ್ ಇನ್ ಮಾಡಬಹುದು. ರೈಲು ಹೊರಡುವ 45 ನಿಮಿಷ ಮೊದಲೇ ಕೊಟ್ಟಿರಬೇಕು. ಇಳಿಯುವವರೆಗೆ ಅದು ಕೈಗೆ ಸಿಗಲ್ಲ. ಆದ್ದರಿಂದ ಮಾತ್ರೆ, ಸ್ವೆಟರ್, ಎರಡು ದಿನದ ಬಟ್ಟೆ, ಚಪ್ಪಲಿಯನ್ನು ಕೈಚೀಲದಲ್ಲಿ ಇಟ್ಟುಕೊಳ್ಳಿ. ರೂಮೆಟ್‌ನಲ್ಲಿ ಪ್ಲಗ್ ಪಾಯಿಂಟ್ ಒಂದೇ. ಅಲ್ಲಿಯ ಪಿನ್‌ಗೆ ಹೊಂದುವ ಪುಟ್ಟ ಎಕ್ಸ್‌ಟೆನ್ಷನ್ ಇದ್ದರೆ ಇಬ್ಬರ ಫೋನೂ ಚಾರ್ಜ್ ಆಗುತ್ತದೆ.

ಸ್ಟೇಷನ್‌ಗೆ ಬೇಗ ಹೋಗಿ, ಲೌಂಜ್ ಬಳಸಿ

ರೂಮ್ ಟಿಕೆಟ್ ಇದ್ದವರಿಗೆ ಮೆಟ್ರೊಪಾಲಿಟನ್ ಲೌಂಜ್ ಉಚಿತ. ಇದನ್ನು ಎಷ್ಟೋ ಜನ ಸುಮ್ನೆ ಬಿಟ್ಟುಬಿಡುತ್ತಾರೆ. ಶಿಕಾಗೊ, ನ್ಯೂಯಾರ್ಕ್, ವಾಷಿಂಗ್ಟನ್, ಲಾಸ್ ಏಂಜಲೀಸ್‌ನಂಥ ದೊಡ್ಡ ಸ್ಟೇಷನ್‌ಗಳಲ್ಲಿ ಇದೆ, ಚಿಕ್ಕವುಗಳಲ್ಲಿ ಇಲ್ಲ. ಕೌಂಟರ್‌ನಲ್ಲಿ ಟಿಕೆಟ್ ತೋರಿಸಿ ಒಳಗೆ ಹೋಗಬಹುದು. ಮೆತ್ತನೆ ಸೋಫಾ, ಕಾಫಿ, ತಿಂಡಿ, ವೈಫೈ, ಶುಚಿಯಾದ ಟಾಯ್ಲೆಟ್ ಎಲ್ಲ ಇರುತ್ತದೆ. ಶಿಕಾಗೊದಲ್ಲಿ ನಾವು ಬೆಳಿಗ್ಗೆಯೇ ಹೋಗಿ ಬ್ಯಾಗ್ ಅಲ್ಲಿಟ್ಟು, 1925ರಲ್ಲಿ ತೆರೆದ ಯೂನಿಯನ್ ಸ್ಟೇಷನ್ನಿನ ಗ್ರೇಟ್ ಹಾಲ್ ನೋಡಿ, ಊರಲ್ಲೂ ಒಂದು ಸುತ್ತು ಹಾಕಿ ಬಂದೆವು. ನಡೆಯಲು ಕಷ್ಟವಿದ್ದರೆ ಕೌಂಟರ್‌ನಲ್ಲೇ ಹೇಳಿ, ರೈಲಿನ ತನಕ ಕರೆದೊಯ್ದು ಬಿಡುತ್ತಾರೆ.

ಹತ್ತಿದ ಮೇಲೆ

ಬೋಗಿಯ ಅಟೆಂಡೆಂಟ್ ಬಂದು ಮಾತಾಡಿಸುತ್ತಾರೆ. ಮೂರು ಮಾತು ಆಗಲೇ ಹೇಳಿ: ಹಾಸಿಗೆ ಎಷ್ಟು ಗಂಟೆಗೆ ಹಾಕಬೇಕು, ಊಟ ಎಲ್ಲಿ ಮಾಡುತ್ತೀರಿ, ಯಾವ ಸ್ಟೇಷನ್‌ನಲ್ಲಿ ಇಳಿಯುತ್ತೀರಿ. ಊಟ, ತಿಂಡಿಯ ಹಣ ರೂಮಿನ ಹಣದಲ್ಲೇ ಸೇರಿದೆ. ರಾತ್ರಿ ಊಟಕ್ಕೆ ಸಮಯ ಗೊತ್ತು ಮಾಡಿ ಹೋಗುತ್ತಾರೆ. ನಾಲ್ಕು ಜನರ ಟೇಬಲ್, ಅಪರಿಚಿತರ ಜೊತೆ ಕೂರಿಸುತ್ತಾರೆ. ನನಗಂತೂ ಅದೇ ಇಷ್ಟವಾಯಿತು. ಸಸ್ಯಾಹಾರಿಗಳು ಟಿಕೆಟ್ ಮಾಡಿಸುವಾಗಲೇ ಕೇಳಿಟ್ಟುಕೊಳ್ಳಿ.

ಗಡಿಯಾರ ಹಿಂದಕ್ಕೆ ಹೋಗುತ್ತದೆ ಅನ್ನುವುದು ನೆನಪಿರಲಿ. ಶಿಕಾಗೊದಿಂದ ಎಮರಿವಿಲ್ ತಲುಪುವಷ್ಟರಲ್ಲಿ ಒಟ್ಟು ಎರಡು ಗಂಟೆ ವ್ಯತ್ಯಾಸ. ರೈಲಿನ ವೇಳೆ, ಊಟದ ವೇಳೆ ಎಲ್ಲ ಆಯಾ ಊರಿನ ಸಮಯದ್ದೇ.

ರಾತ್ರಿ

ಎದುರುಬದುರಿನ ಎರಡು ಸೀಟುಗಳನ್ನು ಎಳೆದು ಸೇರಿಸಿದರೆ ಕೆಳಗಿನ ಹಾಸಿಗೆ ತಯಾರು. ಮೇಲಿನದು ಸೂರಿನ ಹತ್ತಿರ ಮಡಚಿಕೊಂಡಿರುತ್ತದೆ, ಹಿಡಿ ತಿರುಗಿಸಿ ಇಳಿಸಬೇಕು. ಸೀಟಿನ ಪಕ್ಕದ ಎರಡು ಪುಟ್ಟ ಮೆಟ್ಟಿಲ ಮೇಲೆ ಕಾಲಿಟ್ಟು ಹತ್ತಬೇಕು. ಮೇಲೆ ಕೂರಲಾಗುವುದಿಲ್ಲ, ತಲೆ ತಗಲುತ್ತದೆ, ಕಿಟಕಿಯೂ ಇಲ್ಲ. ಮಗ್ಗುಲಲ್ಲಿ ಬೆಲ್ಟ್‌ಗಳ ಬಲೆ ಇರುತ್ತದೆ. ಅದರ ಕೊಕ್ಕೆಯನ್ನು ಸೂರಿಗೆ ಸಿಕ್ಕಿಸದೆ ಮಲಗಬೇಡಿ. ತಿರುವಿನಲ್ಲಿ ರೈಲು ಓಲಿದಾಗ ಆ ಬಲೆಗೆ ನನ್ನ ಬೆನ್ನು ಒರಗುತ್ತಿತ್ತು, ಮತ್ತೆ ಕಣ್ಣು ಮುಚ್ಚುತ್ತಿದ್ದೆ.

ಬಾಗಿಲಿಗೆ ಒಳಗಿನಿಂದ ಮಾತ್ರ ಚಿಲಕ. ಹೊರಗೆ ಹೋಗುವಾಗ ಪಾಸ್‌ಪೋರ್ಟ್, ಹಣ ಜೊತೆಗೇ ಇರಲಿ. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಸದ್ದು ಮಾಡಬಾರದು ಅಂತ ನಿಯಮವಿದೆ. ರೈಲಿನ ಸದ್ದಿಗೆ ಎಚ್ಚರವಾಗುವವರು ಕಿವಿಗೆ ಹತ್ತಿ ತನ್ನಿ.

ಬೆಳಿಗ್ಗೆ ರೂಮಿನಲ್ಲೇ ಕೂರಬೇಡಿ

ಡೆನ್ವರ್ ದಾಟುತ್ತಿದ್ದಂತೆ ಸೈಟ್‌ಸೀಯರ್ ಲೌಂಜ್ ಬೋಗಿಗೆ ಹೋಗಿ. ಗಾಜು ಸೂರಿನವರೆಗೂ ಇರುತ್ತದೆ. ಸೀಟು ಕಾದಿರಿಸುವ ಪದ್ಧತಿ ಇಲ್ಲ, ತಡಮಾಡಿದರೆ ಜಾಗ ಸಿಗುವುದಿಲ್ಲ. ರೈಲು ಸುತ್ತಿ ಸುತ್ತಿ ರಾಕಿ ಬೆಟ್ಟ ಏರಿ, 1928ರ ಮೊಫಟ್ ಸುರಂಗ ಹೊಗುತ್ತದೆ. ಹತ್ತು ಕಿಲೋಮೀಟರ್ ಕತ್ತಲು. ಡೀಸೆಲ್ ಹೊಗೆ ಒಳಗೆ ಬಾರದಿರಲಿ ಅಂತ ಆಗ ಬೋಗಿ ದಾಟಬೇಡಿ ಎಂದು ಹೇಳುತ್ತಾರೆ. ಮಾರನೇ ದಿನ ಸಿಯೆರ್ರಾ ನೆವಾಡಾ ಬೆಟ್ಟಸಾಲು, ಅದೂ ಹಗಲಲ್ಲೇ.

ಹಳಿಗಳ ಹೆಚ್ಚಿನ ಭಾಗ ಗೂಡ್ಸ್ ರೈಲು ಕಂಪನಿಗಳದ್ದು. ಹಾಗಾಗಿ ಕೆಲವು ಗಂಟೆ ತಡವಾಗುವುದು ಮಾಮೂಲು. ಇಳಿದ ದಿನವೇ ವಿಮಾನ ಬುಕ್ ಮಾಡಬೇಡಿ.

ಇಳಿಯುವಾಗ ಅಟೆಂಡೆಂಟ್‌ಗೆ ಟಿಪ್ಸ್ ಕೊಡುವುದು ಅಲ್ಲಿಯ ರೂಢಿ, ಕಡ್ಡಾಯವಲ್ಲ. ಎರಡು ದಿನ ಅಮ್ಮನ ರೂಮಿಗೆ ಊಟ ತಂದವರಿಗೆ ನಾನು ಸಂತೋಷದಿಂದ ಕೊಟ್ಟೆ. ಎಮರಿವಿಲ್‌ನಲ್ಲಿ ಚೆಕ್ ಇನ್ ಬ್ಯಾಗ್ ಬಿಡಿಸಿಕೊಂಡು ಹೊರಬಂದರೆ ಸ್ಯಾನ್ ಫ್ರಾನ್ಸಿಸ್ಕೊಗೆ ಆಮ್‌ಟ್ರ್ಯಾಕ್ ಬಸ್ ಇದೆ. ಅದನ್ನೂ ರೈಲಿನ ಟಿಕೆಟ್ ಜೊತೆಗೇ ಮಾಡಿಸಿಕೊಳ್ಳಿ.