ಸೊಂಟದಲ್ಲಿ ಚೀಲ ನಿಲ್ಲಲಿಲ್ಲ

ನಮ್ಮ ಊರು ಸಕಲೇಶಪುರದ ಹತ್ತಿರ. ಬೆಂಗಳೂರಿನಲ್ಲಿ 6 ವರ್ಷ ವಿಡಿಯೋ ಗೇಮ್‌ಗಳಿಗೆ ತ್ರೀಡಿ ಪಾತ್ರ ಮಾಡುವ ಕೆಲಸದಲ್ಲಿದ್ದೆ. ಈಗ ಮನೆಯಲ್ಲೇ ಇದ್ದೇನೆ. ಕರೆಂಟ್ ಇದ್ದರೆ ಬ್ಲೆಂಡರ್ ಎಂಬ ತ್ರೀಡಿ ಸಾಫ್ಟ್‌ವೇರ್, ಹೋದರೆ ಅಪ್ಪನ ತೋಟದ ಲೆಕ್ಕ. ಈ ನಡುವೆ ನನ್ನದೇ ಒಂದು ಸಣ್ಣ ಗೇಮ್ ಮಾಡುತ್ತಿದ್ದೇನೆ. ಕಾಫಿ ಕುಯ್ಲು ಮುಗಿಸಿದ ಹೆಂಗಸೊಬ್ಬಳು ಕತ್ತಲಾಗುವುದರೊಳಗೆ ಮನೆ ಸೇರಬೇಕು. ತೋಟದಲ್ಲಿ ಆನೆ ಇದೆ. ಕೋವಿ ಇಲ್ಲ, ಕತ್ತಿ ಇಲ್ಲ. ಕಿವಿಗೊಡಬೇಕು, ಅಡಗಬೇಕು, ದಾರಿ ಬದಲಿಸಬೇಕು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಹೆಂಗಸನ್ನು ನಾನು ಮೂರು ಸಲ ಮಾಡಿದೆ.

ಮೊದಲ ಸಲ ಮೂರೇ ದಿನದಲ್ಲಿ ಮುಗಿಯಿತು. ಖುಷಿಯಾಗಿ, ನಮ್ಮ ತೋಟಕ್ಕೆ ಕೆಲಸಕ್ಕೆ ಬರುವ ಅಕ್ಕನಿಗೆ ಲ್ಯಾಪ್‌ಟಾಪ್ ತೋರಿಸಿದೆ. ಕಾಫಿ ಲೋಟ ಹಿಡಿದುಕೊಂಡೇ ಬಗ್ಗಿ ನೋಡಿದರು.

"ಏನವ್ವಾ, ಇವಳು ಕೆಲ್ಸಕ್ಕೆ ಹೊರಟಿದಾಳಾ, ಮದುವೆಗೆ ಹೊರಟಿದಾಳಾ?"

ನಾನು ನಕ್ಕೆ. ಅವರು ನಗಲಿಲ್ಲ. "ಈ ಸೊಂಟಕ್ಕೆ ಚೀಲ ಹೆಂಗೆ ಕಟ್ತೀಯ? ಜಾರಿ ಬೀಳುತ್ತೆ."

ನಿಜಕ್ಕೂ ಬೀಳುತ್ತಿತ್ತು! ಹಣ್ಣು ತುಂಬುವ ಚೀಲವನ್ನು ಸೊಂಟಕ್ಕೆ ಕಟ್ಟಿದಾಗಲೆಲ್ಲ ಅದು ಮೈಯೊಳಗೆ ತೂರಿಕೊಳ್ಳುತ್ತಿತ್ತು. ಎರಡು ದಿನದಿಂದ ಅದನ್ನು ಸಾಫ್ಟ್‌ವೇರಿನ ತೊಂದರೆ ಎಂದುಕೊಂಡು ಒದ್ದಾಡುತ್ತಿದ್ದೆ. ತೊಂದರೆ ಸೊಂಟದಲ್ಲಿತ್ತು.

ನಾನೂ ಹೆಂಗಸೇ. ಆದರೂ ಕೈಗೆ ಬಂದದ್ದು ಅದೇ ಮೈ. ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಸಿಪಾಯಿ ಹೆಂಗಸಿನ ಪಾತ್ರ ಮಾಡಿ ಕಳಿಸಿದ್ದೆ. "ಇನ್ನೂ ಸ್ವಲ್ಪ ಫೆಮಿನೈನ್ ಮಾಡಿ" ಎಂದು ವಾಪಸ್ ಬಂತು. ಸೊಂಟ ಸಣ್ಣ ಮಾಡಿದೆ. ಮತ್ತೆ ಬಂತು. ಎದೆಗವಚವನ್ನು ಎರಡು ಬಟ್ಟಲು ಬೋರಲು ಹಾಕಿದ ಹಾಗೆ ಮಾಡಿದೆ. ಪಾಸಾಯಿತು. ಹಾಗೆ ಉಬ್ಬಿಸಿದರೆ ತಗುಲಿದ ಕತ್ತಿ ಆಚೆ ಜಾರುವುದಿಲ್ಲ, ನೇರ ಎದೆಯ ನಡುವಿಗೇ ಬರುತ್ತದೆ. ಅದನ್ನು ಯಾರೂ ಕೇಳಲಿಲ್ಲ. ಮುಂದಿನ ಪಾತ್ರಕ್ಕೆ ನಾನೇ, ಯಾರೂ ಹೇಳುವ ಮೊದಲೇ, ಸೊಂಟ ಸಣ್ಣ ಮಾಡಿದ್ದೆ. ಬೈಸಿಕೊಳ್ಳುವುದಕ್ಕಿಂತ ಅದು ಸುಲಭ ಅಲ್ವಾ?

ಈ ರೂಢಿ ನನಗಿಂತ ಹಳೆಯದು. 1981ರ ಡಾಂಕಿ ಕಾಂಗ್ ಎಂಬ ಗೇಮ್‌ನಲ್ಲಿ ಹೆಂಗಸು ಮೇಲೆ ನಿಂತು 'ಕಾಪಾಡಿ' ಎನ್ನುತ್ತಾಳೆ, ಅಷ್ಟೇ. 1986ರ ಮೆಟ್ರಾಯ್ಡ್‌ನಲ್ಲಿ ಆಟವಿಡೀ ಲೋಹದ ಕವಚದೊಳಗೆ ಹೋರಾಡಿದ್ದು ಸಾಮಸ್ ಎಂಬ ಹೆಂಗಸು ಎಂದು ಕೊನೆಯಲ್ಲಿ ಗೊತ್ತಾಗುತ್ತದೆ. ಎಂಥ ಒಳ್ಳೆಯ ತಿರುವು! ಆದರೆ ಆಟವನ್ನು ತೀರಾ ಬೇಗ ಮುಗಿಸಿದವರಿಗೆ ಅವಳು ಈಜುಡುಗೆಯಲ್ಲಿ ಕಾಣಿಸುತ್ತಾಳೆ. ಅದು ಆಡಿದವರಿಗೆ ಬಹುಮಾನ. 1996ರಲ್ಲಿ ಟೂಂಬ್ ರೈಡರ್‌ನ ಲಾರಾ ಕ್ರಾಫ್ಟ್ ಬಂದಳು. ಹಾರಿದಳು, ಈಜಿದಳು, ಗುಂಡು ಹೊಡೆದಳು. ಜಾಹೀರಾತಿನಲ್ಲಿ ಮಾತ್ರ ಅವಳ ಎದೆಯದ್ದೇ ಸುದ್ದಿ. 2013ರ ಹೊಸ ಆಟದಲ್ಲಿ ಅವಳಿಗೆ ಉದ್ದ ಪ್ಯಾಂಟ್ ಸಿಕ್ಕಿತು, ಮೈತುಂಬ ಕೆಸರೂ ಸಿಕ್ಕಿತು. ನಮ್ಮಲ್ಲೂ ಪುಣೆಯ ತಂಡವೊಂದು 2020ರಲ್ಲಿ 'ರಾಜಿ' ಎಂಬ ಆಟ ತಂದಿತು. ತಮ್ಮನನ್ನು ಹುಡುಕಿ ಹೊರಡುವ ಸರ್ಕಸ್ ಹುಡುಗಿಯ ಕಥೆ. ಅದನ್ನು ಆಡಿದ ಮೇಲೇ ನನಗೂ ಒಂದು ಮಾಡುವ ಧೈರ್ಯ ಬಂದದ್ದು.

ಎರಡನೇ ಸಲ ಉಲ್ಟಾ ತಪ್ಪು ಮಾಡಿದೆ. ಗಂಡಿನ ಮಾಡೆಲ್ ತೆಗೆದುಕೊಂಡು ಅದಕ್ಕೆ ಸೀರೆ ಉಡಿಸಿದೆ. ನೋಡಲು ಯಕ್ಷಗಾನದ ಸ್ತ್ರೀವೇಷವಾದರೂ ಆಗಿದ್ದರೆ ಸರಿ, ಅದರ ಲಾಲಿತ್ಯವೂ ಇರಲಿಲ್ಲ. ಹಳೆಯ ಸಹೋದ್ಯೋಗಿಯೊಬ್ಬನಿಗೆ ಕಳಿಸಿದೆ. "ಯಾಕಿಷ್ಟು ಮಡಿ? ನಿಮ್ಮ ಬೇಲೂರಿನ ಶಿಲಾಬಾಲಿಕೆಯರ ಸೊಂಟ ನೋಡಿದೀಯಾ?" ಎಂದ.

ಮಾತು ಚುಚ್ಚಿತು. ಮಾರನೇ ದಿನ ಬಸ್ ಹತ್ತಿ ಬೇಲೂರಿಗೆ ಹೋದೆ. ಚಿಕ್ಕಂದಿನಿಂದ ಎಷ್ಟು ಸಲ ನೋಡಿದ್ದೆನೋ, ಈ ಸಲ ಪಾತ್ರ ಮಾಡುವವಳ ಕಣ್ಣಲ್ಲಿ ನೋಡಿದೆ. ವಿಷ್ಣುವರ್ಧನನ ಕಾಲದ ಗುಡಿ, 1117ರದ್ದು. ಸೂರಿನ ಕೆಳಗೆ ಓರೆಯಾಗಿ ನಿಲ್ಲಿಸಿದ ಮದನಿಕೆಯರು. ಸೊಂಟ ಸಣ್ಣದೇ, ಎದೆ ತುಂಬಿದ್ದೇ. ಅವನು ಹೇಳಿದ್ದು ಸುಳ್ಳಲ್ಲ. ಕೆತ್ತಿದ ಕಣ್ಣು ಗಂಡಸಿನದೇ ಇರಬೇಕು. ಆದರೆ ಒಬ್ಬೊಬ್ಬಳಿಗೂ ಒಂದೊಂದು ಕೆಲಸವಿದೆ. ಒಬ್ಬಳು ಕನ್ನಡಿಯಲ್ಲಿ ಮುಳುಗಿದ್ದಾಳೆ, ಒಬ್ಬಳು ಗಿಣಿಯ ಜೊತೆ ಮಾತಿಗಿಳಿದಿದ್ದಾಳೆ, ಒಬ್ಬಳು ಬಿಲ್ಲು ಹಿಡಿದಿದ್ದಾಳೆ, ಸೀರೆ ಎಳೆಯುವ ಕೋತಿಯನ್ನು ಇನ್ನೊಬ್ಬಳು ಓಡಿಸುತ್ತಿದ್ದಾಳೆ. ಕೈಯಲ್ಲಿರುವ ಕೆಲಸಕ್ಕೆ ತಕ್ಕಂತೆ ಭುಜ ಬಾಗಿದೆ, ಕಾಲು ಊರಿದೆ. ನಾನು ಕೆಳಗೆ ನಿಂತು ನೋಡುತ್ತಿದ್ದೇನೆ ಎಂಬ ಪರಿವೆಯೇ ಅವರಿಗಿಲ್ಲ. ನನ್ನ ಮೊದಲನೆಯವಳು ಹಾಗಲ್ಲ. ಸುಮ್ನೆ ನಿಂತಾಗಲೂ ಸೊಂಟದ ಮೇಲೆ ಕೈಯಿಟ್ಟು, ಆಡುವವನ ಕಡೆಗೇ ತಿರುಗುತ್ತಿದ್ದಳು.

ಮೂರನೇ ಸಲ ಮೈಯಿಂದ ಶುರು ಮಾಡಲಿಲ್ಲ, ಕೆಲಸದಿಂದ ಶುರು ಮಾಡಿದೆ. ಅಕ್ಕನನ್ನೂ ಜೊತೆಯವರನ್ನೂ ಕೇಳಿ, ಮುಖ ಬಾರದ ಹಾಗೆ, ಒಂದು ವಾರ ಮೊಬೈಲಿನಲ್ಲಿ ನಡಿಗೆ ಹಿಡಿದೆ. ಇಳಿಜಾರಿನಲ್ಲಿ ಅವರು ಹೆಜ್ಜೆಯನ್ನು ಅಡ್ಡ ಇಡುತ್ತಾರೆ. ತೂಕಕ್ಕೆ ಮೂಟೆ ಹೊತ್ತು ಬರುವಾಗ ಸೊಂಟ ಆಡುವುದೇ ಇಲ್ಲ, ಮಂಡಿ ಆಡುತ್ತದೆ. ಕೊಂಬೆ ಬಗ್ಗಿಸುವ ಕೈಗೂ ಹಣ್ಣು ಬಿಡಿಸುವ ಕೈಗೂ ಬೇರೆ ಬೇರೆ ಬಲ. ಮುಂಗೈ ದಪ್ಪ, ಹೆಗಲು ಅಗಲ. ಉಡುಪಂತೂ ನನ್ನ ಅರ್ಧ ಕೆಲಸ ಉಳಿಸಿತು. ಎತ್ತಿ ಕಟ್ಟಿದ ಸೀರೆ, ಮೇಲೆ ಗಂಡನ ಹಳೇ ತುಂಬುತೋಳಿನ ಶರ್ಟು, ತಲೆಗೆ ಟವೆಲ್. ಸೆರಗು ಹಾರಿಸುವ ಲೆಕ್ಕಾಚಾರವೇ ಬೇಡವಾಯಿತು. ಚೀಲವೂ ನಿಂತಿತು.

2014ರಲ್ಲಿ ಅಸಾಸಿನ್ಸ್ ಕ್ರೀಡ್ ಯೂನಿಟಿ ಆಟದಲ್ಲಿ ಜೊತೆಗೂಡಿ ಆಡಲು ಹೆಣ್ಣು ಪಾತ್ರ ಏಕಿಲ್ಲ ಎಂಬ ಪ್ರಶ್ನೆ ಬಂದಿತ್ತು. ಅನಿಮೇಷನ್ ಕೆಲಸ ದುಪ್ಪಟ್ಟಾಗುತ್ತದೆ ಎಂದು ಅದನ್ನು ಮಾಡಿದ ಯೂಬಿಸಾಫ್ಟ್ ಕಂಪನಿಯವರು ಉತ್ತರಿಸಿದ್ದರು. ಅದೇ ಸರಣಿಯಲ್ಲಿ ಹಿಂದೆ ಕೆಲಸ ಮಾಡಿದ್ದ ಅನಿಮೇಟರ್ ಜೋನಾಥನ್ ಕೂಪರ್, ಅದು ಒಂದೆರಡು ದಿನದ ಕೆಲಸ ಎಂದರು. ನನ್ನ ಲೆಕ್ಕ ಹೀಗಿದೆ. ಗಂಡಿನ ಚಲನೆಯನ್ನು ಹೆಣ್ಣಿನ ಮೂಳೆಗೂಡಿಗೆ ಕೂರಿಸಲು ನನಗೆ ಎರಡು ದಿನ ಸಾಕಾಯಿತು, ಕೂಪರ್ ಹೇಳಿದ್ದು ಸರಿ. ಅವಳು ಇಂಥ ಹೆಂಗಸೇ ಎನ್ನಿಸುವ ಹಾಗೆ ನಡೆಸಲು ಮೂರು ವಾರ ಹಿಡಿಯಿತು. ಆದರೆ ಇಂಥ ಗಂಡಸೇ ಎನ್ನಿಸಬೇಕಾದರೂ ಅಷ್ಟೇ ಹಿಡಿಯುತ್ತದೆ.

ಕ್ಯಾಮೆರಾ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. ಇಂಥ ಆಟದಲ್ಲಿ ಕ್ಯಾಮೆರಾ ಪಾತ್ರದ ಬೆನ್ನ ಹಿಂದೆ ಬರುತ್ತದೆ. ಅವಳು ಬಗ್ಗಿ ಏರು ಹತ್ತುವಾಗ ಪರದೆ ತುಂಬ ಅವಳ ಹಿಂಭಾಗವೇ. ನಾನು ಬೇಕೆಂದು ಇಟ್ಟದ್ದಲ್ಲ, ಮೊದಲಿಂದ ಅಲ್ಲೇ ಇತ್ತು. ಬಲಭುಜದ ಮೇಲಕ್ಕೆ ಎತ್ತಿದೆ, ಬಗ್ಗಿದಾಗ ದಾರಿಯ ಕಡೆ ತಿರುಗುವ ಹಾಗೆ ಮಾಡಿದೆ. ಎದುರಿನ ಗಿಡಗಳೂ ಚೆನ್ನಾಗಿ ಕಂಡವು. ಆಟಕ್ಕೆ ಬೇಕಿದ್ದದ್ದೂ ಅದೇ.

ದನಿಗೆ ಮೊದಲು ಇಂಟರ್‌ನೆಟ್ಟಿನಲ್ಲಿ ಸಿಕ್ಕ ಹೆಣ್ಣುದನಿಗಳನ್ನು ಹಾಕಿದ್ದೆ. ಎಡವಿದಾಗ ಬರುವ ಆ ನರಳಾಟ ಕೇಳಿ ಅಮ್ಮ ಅಡುಗೆಮನೆಯಿಂದ ಓಡಿ ಬಂದು, "ಏನು ನೋಡ್ತಿದೀಯೇ?" ಎಂದರು. ಅದನ್ನು ತೆಗೆದು, ಚಿಕ್ಕಮ್ಮನಿಂದ ಗೊಬ್ಬರದ ಮೂಟೆ ಎತ್ತಿಸಿ ರೆಕಾರ್ಡ್ ಮಾಡಿದೆ. ಕೊನೆಯಲ್ಲಿ ಚಿಕ್ಕಮ್ಮ ಬೈದದ್ದನ್ನೂ ಉಳಿಸಿಕೊಂಡಿದ್ದೇನೆ.

ಹೋದ ತಿಂಗಳು ಅಕ್ಕ ಮತ್ತೆ ನೋಡಿದರು. ಇವಳ ಬಗ್ಗೆ ಏನೂ ಹೇಳಲಿಲ್ಲ, "ಟವೆಲ್ ಇನ್ನೂ ಬಿಗಿಯಾಗಿ ಕಟ್ಟು" ಎಂದರು, ಅಷ್ಟೇ. ಆಮೇಲೆ ಪರದೆಯ ಮೇಲೆ ಆನೆ ಹಿಂಡು ಬಂತು. ಮುಂದೆ ದೊಡ್ಡ ದಂತದ ಸಲಗ, ಹಿಂದೆ ಮರಿಗಳು.

"ಹಿಂಡಿಗೆ ಮುಂದೆ ಹೋಗೋದು ಹೆಣ್ಣಾನೆ ಅಲ್ವಾ? ದಂತದ್ದನ್ನ ಯಾಕೆ ಬಿಟ್ಟಿದೀಯ?"

ಹೌದು. ಹಿಂಡು ನಡೆಸುವುದು ವಯಸ್ಸಾದ ಹೆಣ್ಣಾನೆ. ಇದನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಆದರೂ ಆನೆ ಎಂದೊಡನೆ ಕೈ ದಂತ ಬರೆದಿತ್ತು. ಈಗ ದಂತ ತೆಗೆದು ಸೊಂಡಿಲಿನ ಬುಡ ಸರಿ ಮಾಡುತ್ತಿದ್ದೇನೆ. ಕಿವಿಯ ಅಂಚು ಹರಿದ ಮುದುಕಿ ಆನೆ ಬೇಕು. ಮೊನ್ನೆಯಿಂದ ಕಿವಿಯಲ್ಲೇ ಸಿಕ್ಕಿಕೊಂಡಿದ್ದೇನೆ.