ರ‍್ಯಾಂಕಿಂಗ್ ಬದಿಗಿಟ್ಟು ಸಿಲೆಬಸ್ ಹಿಡಿದೆ: ಜರ್ಮನಿಗೆ ಮಾಸ್ಟರ್ಸ್ ಓದಲು ಬಂದ ನನ್ನ ಅನುಭವ

ಶಿವಮೊಗ್ಗದಲ್ಲಿ ಮೆಕ್ಯಾನಿಕಲ್ ಬಿಇ ಮುಗಿಸಿ, ಬೆಂಗಳೂರಿನಲ್ಲಿ ಎರಡು ವರ್ಷಕ್ಕೂ ಹೆಚ್ಚು ಕೆಲಸ ಮಾಡಿ, 2025ರ ಏಪ್ರಿಲ್ ಸೆಮಿಸ್ಟರಿಗೆ ಪೂರ್ವ ಜರ್ಮನಿಯ ಕೆಮ್ನಿಟ್ಸ್‌ಗೆ ಬಂದೆ. ಊರ ಕಡೆಯ ಜೂನಿಯರ್‌ಗಳು ಫೋನ್ ಮಾಡಿದರೆ ಮೊದಲು ಕೇಳುವುದೇ ರ‍್ಯಾಂಕಿಂಗ್. ಜರ್ಮನಿಯ ಮಟ್ಟಿಗೆ ಅದನ್ನು ಕೊನೆಗೆ ನೋಡಿದರೂ ನಡೆಯುತ್ತದೆ. ಇಲ್ಲಿನ ಸರ್ಕಾರಿ ಯೂನಿವರ್ಸಿಟಿಗಳು ಮೊದಲು ನೋಡುವುದು ಬೇರೆ: ನೀವು ಬಿಇಯಲ್ಲಿ ಏನು ಓದಿದ್ದೀರಿ, ಅದು ಅವರ ಕೋರ್ಸಿಗೆ ಹೊಂದುತ್ತದೆಯೇ? ಹೊಂದದಿದ್ದರೆ ಹತ್ತಕ್ಕೆ ಒಂಬತ್ತು ಸಿಜಿಪಿಎ ಇದ್ದರೂ ವಾಪಸ್.

ಪ್ರತಿ ಕೋರ್ಸಿನ ವೆಬ್‌ಸೈಟಿನಲ್ಲಿ ಪ್ರವೇಶ ನಿಯಮದ ಒಂದು ಪಿಡಿಎಫ್ ಇರುತ್ತದೆ. ಎಷ್ಟೋ ಸಲ ಅದು ಜರ್ಮನ್‌ನಲ್ಲೇ ಇರುತ್ತದೆ, ಟ್ರಾನ್ಸ್‌ಲೇಟ್ ಮಾಡಿಕೊಂಡೇ ಓದಬೇಕು. ಗಣಿತದಲ್ಲಿ ಇಷ್ಟು ಕ್ರೆಡಿಟ್, ಮೆಕ್ಯಾನಿಕ್ಸ್‌ನಲ್ಲಿ ಇಷ್ಟು, ಕಂಟ್ರೋಲ್‌ನಲ್ಲಿ ಇಷ್ಟು ಅಂತ ಅದರಲ್ಲಿ ಬರೆದಿರುತ್ತಾರೆ. ಇವೆಲ್ಲ ಯುರೋಪಿನ ಇಸಿಟಿಎಸ್ ಕ್ರೆಡಿಟ್‌ಗಳು. ಒಂದು ವರ್ಷಕ್ಕೆ 60 ಲೆಕ್ಕ, ನಾಲ್ಕು ವರ್ಷಕ್ಕೆ 240. ನಾನು ವಿಟಿಯುನ (ನಮ್ಮ ರಾಜ್ಯದ ಇಂಜಿನಿಯರಿಂಗ್ ಯೂನಿವರ್ಸಿಟಿ) 2018ರ ಸ್ಕೀಮಿನವನು, ನಮ್ಮ ಇಡೀ ಬಿಇ 175 ಕ್ರೆಡಿಟ್. 240ನ್ನು 175ರಿಂದ ಭಾಗಿಸಿದರೆ ಸುಮಾರು 1.37 ಬರುತ್ತದೆ. ಎಂ1ರಿಂದ ಎಂ4ರವರೆಗೆ ನಮ್ಮ ಗಣಿತ ಒಟ್ಟು 14 ಕ್ರೆಡಿಟ್, ಅಂದರೆ ಅವರ ಲೆಕ್ಕದಲ್ಲಿ 19 ಚಿಲ್ಲರೆ. ಗಣಿತವೇ 25 ಬೇಕು ಅಂದ ಕೋರ್ಸುಗಳನ್ನು ಅಲ್ಲೇ ಕೈಬಿಟ್ಟೆ. ಎಲ್ಲರೂ ಹೀಗೇ ಲೆಕ್ಕ ಹಾಕುತ್ತಾರೆ ಅಂತಲ್ಲ, ಆದರೆ ಅರ್ಜಿ ಫೀಸು ಕಟ್ಟುವ ಮೊದಲು ಒಂದು ಅಂದಾಜು ಸಿಗುತ್ತದೆ.

ಸಬ್ಜೆಕ್ಟಿನ ಹೆಸರು ನಂಬಿಕೊಂಡು ಕೂರಬಾರದು. ಒಂದು ಕೋರ್ಸು 'ಮೆಷರ್‌ಮೆಂಟ್ ಅಂಡ್ ಕಂಟ್ರೋಲ್' ಅಂತ ಒಂದೇ ಬಾಬತ್ತಿನಲ್ಲಿ ಕೇಳಿತ್ತು. ನಮ್ಮಲ್ಲಿ ಆ ಹೆಸರಿನ ಸಬ್ಜೆಕ್ಟೇ ಇಲ್ಲ. ಆದರೆ ಮೆಟ್ರಾಲಜಿ, ಅಂದರೆ ಅಳತೆಯ ಶಾಸ್ತ್ರ, ಬೇರೆ ಓದಿದ್ದೆ, ಏಳನೇ ಸೆಮ್‌ನಲ್ಲಿ ಕಂಟ್ರೋಲ್ ಇಂಜಿನಿಯರಿಂಗ್ ಬೇರೆ ಇತ್ತು. ಎರಡನ್ನೂ ಸೇರಿಸಿ ಆ ಸಾಲಿನಲ್ಲಿ ತೋರಿಸಿದೆ. ಎಕ್ಸೆಲ್‌ನಲ್ಲಿ ಎಡಕ್ಕೆ ಅವರು ಕೇಳಿದ್ದು, ಬಲಕ್ಕೆ ನಾನು ಓದಿದ್ದು, ಅದರ ಪಕ್ಕದಲ್ಲಿ ಸಿಲೆಬಸ್ ಕಾಪಿಯ ಪುಟ ಸಂಖ್ಯೆ. ಎಂಟೂ ಸೆಮಿಸ್ಟರಿನ ಸಿಲೆಬಸ್ಸನ್ನು ಪ್ರಿಂಟ್ ತೆಗೆಸಿ, ಪುಟಪುಟಕ್ಕೂ ಕಾಲೇಜಿನ ಸೀಲ್ ಹಾಕಿಸಿದ್ದೆ. ಆಫೀಸಿನ ಗುಮಾಸ್ತರು "ಏನಪ್ಪಾ, ಪೂರ್ತಿ ವಿಟಿಯುನೇ ಜರ್ಮನಿಗೆ ಸಾಗಿಸ್ತೀಯಾ?" ಅಂದರು. ಅಲ್ಲಿ ಕೂತು ಅರ್ಜಿ ನೋಡುವ ಪ್ರೊಫೆಸರಿಗೆ ಹುಡುಕುವ ಕೆಲಸ ಉಳಿಸಬಾರದು, ಅಷ್ಟೇ ನನ್ನ ಉದ್ದೇಶ. ಈ ಕೆಲಸಕ್ಕೆ, ಈ ಕೋರ್ಸು ಯಾಕೆ ಬೇಕು ಅಂತ ಬರೆಯುವ ಎಸ್‌ಒಪಿಗಿಂತ ಜಾಸ್ತಿ ಹೊತ್ತು ಕೊಟ್ಟೆ, ಕೊಟ್ಟಿದ್ದು ಸರಿಯಾಗಿಯೇ ಇತ್ತು.

ಮಾರ್ಕ್ಸ್ ಲೆಕ್ಕ ನಮ್ಮದಕ್ಕೆ ಪೂರ್ತಿ ಉಲ್ಟಾ. ಇಲ್ಲಿ 1 ಅಂದರೆ ಬೆಸ್ಟ್, 4 ಅಂದರೆ ಜಸ್ಟ್ ಪಾಸ್. ಬದಲಾಯಿಸಲು ಬವೇರಿಯನ್ ಫಾರ್ಮುಲಾ ಬಳಸುತ್ತಾರೆ. ಗರಿಷ್ಠ ಅಂಕದಲ್ಲಿ ನಿಮ್ಮದನ್ನು ಕಳೆಯಿರಿ, ಅದನ್ನು ಗರಿಷ್ಠಕ್ಕೂ ಪಾಸಿಂಗ್ ಅಂಕಕ್ಕೂ ಇರುವ ವ್ಯತ್ಯಾಸದಿಂದ ಭಾಗಿಸಿ, 3ರಿಂದ ಗುಣಿಸಿ 1 ಕೂಡಿಸಿ. 8.2 ಸಿಜಿಪಿಎ ಇದ್ದು, ಪಾಸಿಂಗ್ 4 ಅಂತ ಹಿಡಿದರೆ 1.9 ಆಗುತ್ತದೆ. ಪಾಸಿಂಗ್ 5 ಅಂತ ಹಿಡಿದರೆ ಅದೇ 8.2 ಸುಮಾರು 2.1 ಆಗುತ್ತದೆ, ಅಂದರೆ ಇಲ್ಲಿನ ಲೆಕ್ಕದಲ್ಲಿ ಕಡಿಮೆ ಗ್ರೇಡ್. ಹಾಗಾಗಿ ಕನಿಷ್ಠ ಪಾಸಿಂಗ್ ಗ್ರೇಡ್ ಯಾವುದು ಅಂತ ಸ್ಪಷ್ಟವಾಗಿ ಬರೆದ ಕಾಗದ ಕೈಯಲ್ಲಿರಲಿ. 2.5ಕ್ಕೆ ಗೆರೆ ಎಳೆದಿರುವ ಕೋರ್ಸುಗಳು ಸಾಕಷ್ಟಿವೆ, ಗೆರೆಯ ಹತ್ತಿರ ನಿಂತವರಿಗೆ ಈ ಒಂದು ಕಾಗದವೇ ಮುಖ್ಯವಾಗುತ್ತದೆ.

ಉಳಿದ ಕಾಗದಗಳ ಕಥೆ ಬೇಗ ಮುಗಿಸುತ್ತೇನೆ. 2022ರ ನವೆಂಬರಿನಿಂದ ಭಾರತೀಯರಿಗೆ ಎಪಿಎಸ್ ಸರ್ಟಿಫಿಕೇಟ್ ಕಡ್ಡಾಯ. ನಿಮ್ಮ ಡಿಗ್ರಿ ಅಸಲಿ ಅಂತ ದೆಹಲಿಯ ಕಚೇರಿ ಕೊಡುವ ಪತ್ರ ಅದು, ನಾನು ಕಟ್ಟಿದ ಫೀಸು 18,000 ರೂಪಾಯಿ. ಎಲ್ಲಕ್ಕಿಂತ ಮೊದಲು ಇದಕ್ಕೆ ಅರ್ಜಿ ಹಾಕಿ. ಅನೇಕ ಯೂನಿವರ್ಸಿಟಿಗಳು ಯೂನಿ-ಅಸಿಸ್ಟ್ ಅನ್ನುವ ಒಂದೇ ಸಾಮಾನ್ಯ ಅರ್ಜಿ ಸಂಸ್ಥೆಯ ಮೂಲಕವೇ ಅರ್ಜಿ ತೆಗೆದುಕೊಳ್ಳುತ್ತವೆ. ಅಲ್ಲಿ ಮೊದಲ ಕೋರ್ಸಿಗೆ 75 ಯೂರೋ, ಆಮೇಲಿನ ಒಂದೊಂದಕ್ಕೂ 30 ಯೂರೋ. ಬೇಕಾಬಿಟ್ಟಿ ಹತ್ತು ಕಡೆ ಹಾಕುವ ಬದಲು, ಟೇಬಲ್‌ನಲ್ಲಿ ಹೊಂದಿದ ಕಡೆ ಮಾತ್ರ ಹಾಕಿದೆ.

ಕನ್ಸಲ್ಟೆನ್ಸಿ ಬೇಕಾ ಅಂತ ಕೇಳುತ್ತಾರೆ. ಬೆಂಗಳೂರಿನಲ್ಲಿ ಒಂದು ಕಡೆ ಹೋಗಿದ್ದೆ. 'ಫ್ರೀ ಸರ್ವಿಸ್' ಅಂತ ಬೋರ್ಡ್ ಇತ್ತು. ಟೀ ಕೊಟ್ಟರು, ನನ್ನ ಮಾರ್ಕ್ಸ್ ಕಾರ್ಡ್ ಸರಿಯಾಗಿ ನೋಡುವ ಮೊದಲೇ ಒಂದು ಪ್ರೈವೇಟ್ ಯೂನಿವರ್ಸಿಟಿಯ ಬ್ರೋಷರ್ ಮುಂದಿಟ್ಟರು. ಅಲ್ಲಿ ಫೀಸೇ ಲಕ್ಷಗಟ್ಟಲೆ. ಇಲ್ಲಿ ಬಹುತೇಕ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಟ್ಯೂಷನ್ ಫೀಸ್ ಇಲ್ಲ, ಸೆಮಿಸ್ಟರ್ ಶುಲ್ಕ ಅಂತ ಸ್ವಲ್ಪ ಕಟ್ಟಿದರೆ ಆಯಿತು. ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ ಮಾತ್ರ 2017ರಿಂದ ನಮ್ಮಂಥ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತಿದೆ. ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿಯೂ 2024ರಲ್ಲಿ ಶುರು ಮಾಡಿತು. ಟೀ ಕುಡಿದು ಎದ್ದು ಬಂದೆ.

ನಿಜವಾಗಿ ಬೆವರಿಳಿಸಿದ್ದು ದುಡ್ಡು. ಒಂದು ವರ್ಷದ ಖರ್ಚಿಗೆ ಅಂತ ಬ್ಲಾಕ್ಡ್ ಅಕೌಂಟಿನಲ್ಲಿ ಮೊದಲೇ ಹಣ ಇಡಬೇಕು. 2024ರ ಸೆಪ್ಟೆಂಬರಿನಿಂದ ಅದು 11,904 ಯೂರೋ, ರೂಪಾಯಿಯಲ್ಲಿ ಹತ್ತು ಲಕ್ಷಕ್ಕೂ ಮೇಲೆ. ಇಲ್ಲಿಗೆ ಬಂದ ಮೇಲೆ ತಿಂಗಳಿಗೆ 992 ಯೂರೋದಂತೆ ನಮಗೇ ವಾಪಸ್ ಬರುತ್ತದೆ. ಆದರೆ ಆ ಹತ್ತು ಲಕ್ಷವನ್ನು ಮೊದಲು ಹೊಂದಿಸಬೇಕಲ್ವಾ? ಅಪ್ಪಯ್ಯ ನನ್ನ ಜೊತೆ ಬ್ಯಾಂಕಿಗೆ ಬಂದು, "ಎರಡು ಎಕರೆ ಅಡಿಕೆ ತೋಟ ಇದೆ, ಅಡ ಇಟ್ಕೊಳ್ಳಿ" ಅಂದರು. ಮ್ಯಾನೇಜರ್ ತಲೆಯಾಡಿಸಿದರು: "ಕೃಷಿ ಜಮೀನು ಎಜುಕೇಷನ್ ಲೋನಿಗೆ ಆಗಲ್ಲ ಯಜಮಾನ್ರೇ, ಮನೆಯೋ ಸೈಟೋ ಇದ್ರೆ ಹೇಳಿ." ತೋಟವೇ ಆಸ್ತಿ ಅಂದುಕೊಂಡ ಮಲೆನಾಡಿನ ಮನೆಗಳಿಗೆ ಇದು ದೊಡ್ಡ ಪೆಟ್ಟು. ಕೊನೆಗೆ ಊರಿನ ಮನೆಯ ಮೇಲೆ ಲೋನ್ ಆಯಿತು. ಅದಕ್ಕೆ ಪಂಚಾಯಿತಿಯಿಂದ ಇ-ಸ್ವತ್ತು (ಆಸ್ತಿಯ ಡಿಜಿಟಲ್ ದಾಖಲೆ) ಮಾಡಿಸಿ, ಫಾರಂ 9 ಮತ್ತು 11 ತರಬೇಕಿತ್ತು. ಅಳತೆಗೆ ಬರುವವರ ದಾರಿ ಕಾಯುವುದರಲ್ಲೇ ಮಳೆಗಾಲ ಕಳೆಯಿತು. ಹಳ್ಳಿ ಕಡೆಯವರು ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್‌ಗೆ ಓದಲು ಕೂರುವ ದಿನವೇ ಇ-ಸ್ವತ್ತಿಗೂ ಅರ್ಜಿ ಹಾಕಿಬಿಡಿ. ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳಿಗೆ ವಿದೇಶದಲ್ಲಿ ಓದಲು ನೆರವು ಕೊಡುವ ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆ ಇದೆ, ಲೋನಿಗೆ ಮೊದಲು ಅದನ್ನು ವಿಚಾರಿಸಿ.

ಇಲ್ಲಿ ಬಂದ ಮೇಲೆ ಓದುವ ರೀತಿಯೇ ಬೇರೆ. ಇಂಟರ್ನಲ್ಸ್ ಇಲ್ಲ, ಅಟೆಂಡೆನ್ಸ್ ಕೇಳುವವರಿಲ್ಲ. ಹೆಚ್ಚಿನ ಸಬ್ಜೆಕ್ಟುಗಳಲ್ಲಿ ಕೊನೆಯ ಒಂದು ಪರೀಕ್ಷೆಯೇ ಎಲ್ಲ. ನಮ್ಮಲ್ಲಿ ಬ್ಯಾಕ್ ಉಳಿದರೆ ಮುಂದಿನ ಸೆಮ್‌ನಲ್ಲಿ ಕಟ್ಟಿದರಾಯಿತು ಅನ್ನುವ ಧೈರ್ಯ ಇರುತ್ತದೆ. ಇಲ್ಲಿ ಸಾಮಾನ್ಯವಾಗಿ ಮೂರೇ ಅವಕಾಶ. ಕಡ್ಡಾಯ ಸಬ್ಜೆಕ್ಟಿನಲ್ಲಿ ಮೂರನೇ ಸಲವೂ ಫೇಲಾದರೆ ಕೋರ್ಸಿನಿಂದಲೇ ಹೊರಗೆ. ಅದಕ್ಕೇ ಮೊದಲ ಸೆಮಿಸ್ಟರಿನಲ್ಲಿ ಪೂರ್ತಿ 30 ಕ್ರೆಡಿಟ್ ತೆಗೆದುಕೊಳ್ಳಲಿಲ್ಲ. ಮನೆ, ಇನ್ಶೂರೆನ್ಸ್, ವಿಳಾಸದ ನೋಂದಣಿ ಅಂತ ಓಡಾಟವೇ ಸಾಕಷ್ಟಿತ್ತು. ಹೋದ ತಕ್ಷಣ ಎಲ್ಲ ಸಬ್ಜೆಕ್ಟಿಗೂ ಹೆಸರು ಕೊಟ್ಟ ಸಹಪಾಠಿಗಳು ಜುಲೈ ಹೊತ್ತಿಗೆ ಒಂದೊಂದಾಗಿ ಪರೀಕ್ಷೆ ಕೈಬಿಡುತ್ತಿದ್ದರು.

ಪಾರ್ಟ್ ಟೈಮ್ ಕೆಲಸಕ್ಕೆ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಅನ್ನುವ ಮಿತಿ ಇದೆ. ಯೂನಿವರ್ಸಿಟಿಯಲ್ಲೇ ಸ್ಟೂಡೆಂಟ್ ಅಸಿಸ್ಟೆಂಟ್ ಆದರೆ ಆ ದಿನಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಇದಕ್ಕೆ ಇಲ್ಲಿ 'ಹಿವಿ' ಅಂತಾರೆ. ಎರಡನೇ ಸೆಮಿಸ್ಟರಿನಲ್ಲಿ ನನಗೆ ಒಂದು ಲ್ಯಾಬಿನಲ್ಲಿ ಹಿವಿ ಕೆಲಸ ಸಿಕ್ಕಿತು. ಸೆನ್ಸರ್ ಡೇಟಾ ಕ್ಲೀನ್ ಮಾಡುವುದು, ಟೆಸ್ಟ್ ರಿಗ್‌ಗೆ ಪೈಥಾನ್ ಕೋಡ್ ಬರೆಯುವುದು, ಹೀಗೆ. ದುಡ್ಡಿನ ಜೊತೆಗೆ, ಲ್ಯಾಬಿನವರು ತಮ್ಮತಮ್ಮಲ್ಲಿ ಆಡುವ ಜರ್ಮನ್ ಕಿವಿಗೆ ಬೀಳುತ್ತದೆ.

ಭಾಷೆ ಬೇಕೇಬೇಕು. ಕೋರ್ಸು ಇಂಗ್ಲಿಷಿನಲ್ಲಿದ್ದರೂ ಕೆಲಸದ ಜಾಹೀರಾತುಗಳು ಬಹುತೇಕ ಜರ್ಮನ್‌ನಲ್ಲೇ ಇರುತ್ತವೆ. ಡಿಗ್ರಿ ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳ ಪರ್ಮಿಟ್ ಸಿಗುತ್ತದೆ ನಿಜ, ಆದರೆ ಆ ತಿಂಗಳುಗಳಲ್ಲಿ ಎಬಿಸಿಡಿಯಿಂದ ಶುರು ಮಾಡಿದರೆ ಆಗುವುದಿಲ್ಲ. ನಾನು ಬೆಂಗಳೂರಿನಲ್ಲಿ ಆಫೀಸ್ ಮುಗಿಸಿ ಸಂಜೆ ಬ್ಯಾಚಿನಲ್ಲಿ ಜರ್ಮನ್ ಭಾಷೆಯ ಎ2 (ಆರಂಭಿಕ ಹಂತ) ಮುಗಿಸಿಕೊಂಡು ಬಂದಿದ್ದೆ. ಈಗ ಅದಕ್ಕಿಂತ ಎರಡು ಹಂತ ಮೇಲಿನ ಬಿ2 ಕ್ಲಾಸು ನಡೆಯುತ್ತಿದೆ, ಜೊತೆಗೆ ಥೀಸಿಸ್‌ಗೆ ಕಂಪನಿಗಳಿಗೆ ಮೇಲ್ ಹಾಕುತ್ತಿದ್ದೇನೆ. ಮೇಲ್ ಜರ್ಮನ್‌ನಲ್ಲಿ ಬರೆದಾಗ ಉತ್ತರ ಬರುವುದು ಜಾಸ್ತಿ, 'ಇಲ್ಲ' ಅನ್ನುವ ಉತ್ತರವೇ ಆದರೂ.